ಗಿರಣಿಯನ್ನೇ ಪಾಠಶಾಲೆಯಾಗಿಸಿದ ಜಮ್‌ಶೇಟ್‌ಜಿ ಟಾಟಾ

ಮುಂಬಯಿಯ ತಾಜಮಹಲ್ ಹೋಟೆಲನ್ನು ಹೊರಗಿನಿಂದಲಾದರೂ ಕಂಡಿರದ ಹೋಟೆಲ್ ಬಂಧುಗಳು ನಮ್ಮಲ್ಲಿ ವಿರಳ. 1903ರ ಡಿಸೆಂಬರಿನಲ್ಲಿ ಅದನ್ನು ತೆರೆಸಿದ ಜಮ್‌ಶೇಟ್‌ಜಿ ನಸರ್‌ವಾನ್‌ಜಿ ಟಾಟಾ ಅವರ ಐಶ್ವರ್ಯದ ಕಥೆಯನ್ನು ಹೇಳುವವರು ಅನೇಕರಿರುವರು. ನಾವು ಇಂದು ಹೇಳಹೊರಟಿರುವುದು ಅವರ ನಾಗಪುರದ ಗಿರಣಿಯ ಸಂಗತಿಯನ್ನು.

1839ನೆಯ ಇಸವಿ ಮಾರ್ಚ್ 3ರಂದು ನವಸಾರಿಯ ಪಾರ್ಸಿ ಪುರೋಹಿತರ ಮನೆತನದಲ್ಲಿ ಅವರ ಜನನವಾಯಿತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ತಂದೆಯ ವ್ಯಾಪಾರಕ್ಕಿಳಿದರು. 1869ರಲ್ಲಿ ಚಿಂಚಪೋಕಳಿಯ ದಿವಾಳಿಯೆದ್ದ ಎಣ್ಣೆಗಿರಣಿಯೊಂದನ್ನು ಕೊಂಡು ಹತ್ತಿಗಿರಣಿಯನ್ನಾಗಿ ಮಾಡಿ, ಎರಡೇ ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಬೇರೆಯವರಾಗಿದ್ದರೆ ಆ ಹಣದಿಂದ ಕೂಡಲೇ ಇನ್ನೊಂದು ಗಿರಣಿ ಕಟ್ಟುತ್ತಿದ್ದರು. ಇವರಾದರೋ ಲ್ಯಾಂಕಾಶೈರಿಗೆ ಹೋಗಿ ನೂಲುವ ಕೆಲಸವನ್ನು ಕಣ್ಣಾರೆ ಕಂಡು ಕಲಿತು ಬಂದರು. ಬಳಿಕ 1874ರಲ್ಲಿ 15 ಲಕ್ಷ ರೂಪಾಯಿ ಮೂಲಧನದ ಕಂಪೆನಿಯನ್ನು ಸ್ಥಾಪಿಸಿ, ಹತ್ತಿ ಬೆಳೆಯುವ ಸೀಮೆಗೆ ಸಮೀಪವಾದ ನಾಗಪುರದಲ್ಲಿ 1877ರ ಜನವರಿ 1ರಂದು ಎಂಪ್ರೆಸ್ ಮಿಲ್ಲನ್ನು ಪ್ರಾರಂಭಿಸಿದರು.

ಮ್ಯಾನೇಜರರಾಗಿ ಅವರು ಆರಿಸಿದ್ದು ಬೆಜೊನ್‌ಜಿ ದಾದಾಭಾಯಿ ಮೆಹತಾ ಅವರನ್ನು. ಇವರು ರೈಲ್ವೆಯ ಸರಕು ಇಲಾಖೆಯಿಂದ ಬಂದವರು. ನೂಲಿನ ಗಂಧವೂ ಅರಿಯದವರು! ಯಂತ್ರವಿದ್ಯೆಗೆ ಬ್ರೂಕ್ಸ್‌ಬಿ ಎಂಬ ಆಂಗ್ಲ ನಿಪುಣರಿದ್ದರು. ತಿಳಿಯದವನಿಗೆ ಕೇಳಲು ಸಂಕೋಚವಿರದು. ಬಲ್ಲವನು ಬಳಿಯಲ್ಲೇ ಇದ್ದರೆ ಕಲಿಯಲು ತಡವಾಗದು. ಈ ಜೋಡಿಯನ್ನು ಕೂಡಿಸಿದುದರಲ್ಲೇ ಟಾಟಾ ಅವರ ಜಾಣ್ಮೆಯಿತ್ತೆಂದು ನಮ್ಮ ಅಭಿಪ್ರಾಯ.

1880ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ರಿಂಗ್ ಕದಿರಿನ ವಾರ್ತೆ ಬಂದಿತು. ಹಳೆಯ ಮ್ಯೂಲ್ ಯಂತ್ರದಲ್ಲಿ ಮೊದಲು ನೂಲನ್ನೆಳೆದು ಹುರಿಗೊಳಿಸಿ, ಅನಂತರ ಸುತ್ತಬೇಕು. ರಿಂಗಿನಲ್ಲಿಯೋ ಹುರಿ, ಸುತ್ತು ಎರಡೂ ಒಟ್ಟಿಗೇ ನಿಲ್ಲದೆ ನಡೆಯುವುವು. ಲ್ಯಾಂಕಾಶೈರಿನವರು ಬಹುಕಾಲ ಮ್ಯೂಲನ್ನೇ ಅಪ್ಪಿಕೊಂಡಿದ್ದರು. ಟಾಟಾ ಅವರು ಕೇಳಿದ್ದನ್ನೆಲ್ಲ ನಂಬಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಮೊದಲು ಅಲ್ಪಪ್ರಮಾಣದಲ್ಲಿ ತರಿಸಿ, ತಮ್ಮ ಗಿರಣಿಯಲ್ಲೇ, ತಮ್ಮ ಹತ್ತಿಯಿಂದಲೇ, ತಮ್ಮ ಕೆಲಸಗಾರರ ಕೈಯಿಂದಲೇ ಪರೀಕ್ಷೆ ಮಾಡಿಸಿದರು. ಫಲ ಕಂಡ ಮೇಲೆ ಗಿರಣಿಯಲ್ಲೆಲ್ಲ ಅವನ್ನು ಹರಡಿದರು.

ಪದವೀಧರ ತರುಣರನ್ನು ಉಮೇದುವಾರರನ್ನಾಗಿ ಸೇರಿಸಿಕೊಂಡು ಗಿರಣಿಯ ಕೆಲಸ ಕಲಿಸುವ ಏರ್ಪಾಡನ್ನೂ ಅಲ್ಲಿ ಮಾಡಿದರು. ಕಲಿತ ಕೆಲಸಗಾರನು ಬಿಟ್ಟುಹೋದರೆ ವಿದ್ಯೆಯೂ ಅವನೊಡನೆ ಹೋಗುವುದಷ್ಟೆ! 1886ರಲ್ಲಿ ಪಿಂಚಣಿ ನಿಧಿಯೂ, 1895ರಲ್ಲಿ ಅಪಘಾತ ಪರಿಹಾರವೂ ಬಂದವು. ಇವು ದಯೆಯ ಕಾರ್ಯಗಳು, ನಿಜ. ಆದರೆ ಕಲಿತ ಕೈಗಳನ್ನು ಗಿರಣಿಯಲ್ಲೇ ಉಳಿಸಿಕೊಳ್ಳುವ ಲೆಕ್ಕಾಚಾರವೂ ಇವುಗಳಲ್ಲಿತ್ತೆಂದು ನಾವು ಬಗೆಯುತ್ತೇವೆ.

ಇದನ್ನು ಬರೆಯುವಾಗ ನಮಗೆ ನಾಚಿಕೆಯ ನೆನಪೊಂದು ಬರುತ್ತದೆ. ನಾವು ಹೋಟೆಲ್ ನಡೆಸುತ್ತಿದ್ದಾಗ ನಮ್ಮ ಅಡಿಗೆಭಟ್ಟರು ಬಾಗಿಲು ಮುಚ್ಚಿಕೊಂಡು ಸಾಂಬಾರಪುಡಿ ಬೆರೆಸುತ್ತಿದ್ದರು. ಅವರು ಊರಿಗೆ ಹೋಗಿ ಮರಳದಿದ್ದಾಗ ಮೂರು ತಿಂಗಳು ಗಿರಾಕಿಗಳು ಬಟ್ಟಲನ್ನು ಹಾಗೆಯೇ ಬಿಟ್ಟೇಳುತ್ತಿದ್ದರು. ಭಟ್ಟರನ್ನು ನಾವು ಬಾಯಿತುಂಬ ಬೈದೆವು. ಆದರೆ ಕಿರಿಯರಿಗೆ ಕಲಿಸಿದರೆ ತಮ್ಮ ಕೆಲಸ ಹೋಗುವುದೆಂಬ ಭಯ ಅವರಿಗಿತ್ತು; ಆ ಭಯವನ್ನು ಹೋಗಲಾಡಿಸುವ ಒಂದು ಮಾತನ್ನೂ ಯಜಮಾನರಾದ ನಾವು ಆಡಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಒಲೆಯ ಮುಂದಿನ ಸಂಕಟ ತಿಳಿಯುವುದು ಬಹಳ ತಡವಾಗಿ.

ಟಾಟಾ ಅವರ ಈ ಪದ್ಧತಿಯ ಇನ್ನೊಂದು ಪ್ರಯೋಗ ನಮ್ಮ ನಾಡಿನಲ್ಲೇ ನಡೆಯಿತು. ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಹಾಕಿ, ಜಪಾನಿನಿಂದ ಬಲ್ಲವರನ್ನು ಕರೆಸಿ, ಹುಳು ಸಾಕುವ, ನೂಲು ತೆಗೆಯುವ ಹೊಸ ಕ್ರಮವನ್ನು ಇಲ್ಲಿಯವರಿಗೆ ಕಲಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ.

1904ರ ಮೇ 19ರಂದು ಜರ್ಮನಿಯಲ್ಲಿ ಅವರು ತೀರಿಕೊಂಡರು. ಅವರು ಹಂಬಲಿಸಿದ ವಿಜ್ಞಾನ ಮಂದಿರವು 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಎಂಪ್ರೆಸ್ ಮಿಲ್ಲು 1986ರಲ್ಲಿ ಸರಕಾರದ ಕೈಸೇರಿ, 2002ರಲ್ಲಿ ಮುಚ್ಚಿತು.