ಸವಾಯಿ ಗಂಧರ್ವ

ಸವಾಯಿ ಗಂಧರ್ವ (ಜನನ: 19 ಜನವರಿ 1886, ಮರಣ: 12 ಸೆಪ್ಟೆಂಬರ್ 1952) ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಹೆಸರಾಂತ ಗಾಯಕರು, ಮರಾಠಿ ಸಂಗೀತ ರಂಗಭೂಮಿಯ ನಟರು ಹಾಗೂ ಸಂಗೀತ ಗುರುಗಳು. ಇವರ ಮೂಲ ಹೆಸರು ರಾಮಚಂದ್ರ ಗಣೇಶ ಕುಂದಗೋಳಕರ. ಆಪ್ತರು ಇವರನ್ನು ರಾಮಭಾವು ಎಂದು ಕರೆಯುತ್ತಿದ್ದರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್ ಮತ್ತು ಬಸವರಾಜ ರಾಜಗುರು ಇವರ ಶಿಷ್ಯರಲ್ಲಿ ಪ್ರಮುಖರು. ಸ್ವತಃ ದೊಡ್ಡ ಗಾಯಕರಾಗಿದ್ದರೂ, ಶಿಷ್ಯರನ್ನು ತಯಾರು ಮಾಡಿದ ಗುರುವಾಗಿ ಇವರಿಗೆ ದೊರೆತ ಸ್ಥಾನ ಇನ್ನೂ ದೊಡ್ಡದು. ಧಾರವಾಡ ಜಿಲ್ಲೆಯ ಕುಂದಗೋಳವು ಹಿಂದೂಸ್ತಾನಿ ಸಂಗೀತದ ನಕಾಶೆಯಲ್ಲಿ ಕಾಣಿಸಿಕೊಳ್ಳಲು ಇವರು ಅಲ್ಲಿ ನೀಡಿದ ಶಿಕ್ಷಣವೇ ಮುಖ್ಯ ಕಾರಣ.

ಮನೆತನ ಮತ್ತು ಬಾಲ್ಯ

ರಾಮಭಾವು ಅವರದು ಸಂಶಿ ಮನೆತನ. ಮನೆತನದ ಹೆಸರಿಗೆ ಮೂಲವಾದ ಸಂಶಿ ಗ್ರಾಮವು ಕುಂದಗೋಳ ತಾಲ್ಲೂಕಿನಲ್ಲಿಯೇ ಇದೆ. ತಂದೆ ಗಣೇಶ ಸಂಶಿಯವರು ಗುಮಾಸ್ತರಾಗಿ ಸಂಸಾರ ನಡೆಸುತ್ತಿದ್ದರು. ಆ ಕಾಲದಲ್ಲಿ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಊರಿನ ನಾಡಿಗೇರ ಮನೆತನದವರು ಸಂಗೀತ ಪ್ರಿಯರಾಗಿದ್ದು, ಹೊರಗಿನಿಂದ ಬಂದ ಕಲಾವಿದರಿಗೆ ತಮ್ಮ ವಾಡೆಯಲ್ಲಿ ಆಶ್ರಯ ನೀಡುತ್ತಿದ್ದರು. ಹೀಗಾಗಿ ಚಿಕ್ಕ ಊರಾದರೂ ಉತ್ತಮ ಗಾಯನವನ್ನು ಕೇಳುವ ಅವಕಾಶ ಅಲ್ಲಿನ ಜನರಿಗೆ ಇತ್ತು.

ಬಾಲಕ ರಾಮಭಾವು ಅವರಿಗೆ ಸಂಗೀತದ ಮೊದಲ ಪಾಠಗಳು ಬಲವಂತರಾವ್ ಕೊಲ್ಹಟಕರ ಅವರಿಂದ ದೊರೆತವು. 1898ರಲ್ಲಿ ಕೊಲ್ಹಟಕರ ಅವರು ತೀರಿಕೊಂಡಾಗ ಈ ಶಿಕ್ಷಣ ನಿಂತುಹೋಯಿತು. ಶಾಲಾ ವಿದ್ಯಾಭ್ಯಾಸಕ್ಕಾಗಿ ರಾಮಭಾವು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿದರು. ಆದರೆ ಅವರ ಮನಸ್ಸು ಓದಿಗಿಂತ ಹಾಡಿನ ಕಡೆಗೇ ವಾಲಿತ್ತು.

ಅಬ್ದುಲ್ ಕರೀಂ ಖಾನರ ಶಿಷ್ಯತ್ವ

ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಉತ್ತರ ಭಾರತದ ಕೈರಾನಾದಿಂದ ಬಂದು ಮುಂಬಯಿ ಪ್ರಾಂತದ ಮರಾಠಿ ಮತ್ತು ಕನ್ನಡ ಸೀಮೆಗಳಲ್ಲಿ ಸಂಚರಿಸಿ ಕೊನೆಗೆ ಮೀರಜಿನಲ್ಲಿ ನೆಲೆಸಿದವರು. ಅವರ ಗಾಯನಕ್ಕೆ ಮಾರುಹೋದ ರಾಮಭಾವು ಅವರ ಬಳಿಯೇ ಕಲಿಯಬೇಕೆಂದು ಹಟ ಹಿಡಿದರು. ಎಂಟು ವರ್ಷಗಳ ಕಾಲ ತಮ್ಮನ್ನು ಬಿಟ್ಟು ಹೋಗದೆ ಕಲಿಯಬೇಕೆಂಬ ಷರತ್ತಿನ ಮೇಲೆ ಖಾನರು ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಈ ಅವಧಿಯ ಕಲಿಕೆ ಸುಲಭವಾಗಿರಲಿಲ್ಲ. ಹರೆಯ ಬಂದೊಡನೆ ರಾಮಭಾವು ಅವರ ಕಂಠ ಒಡೆದು ಗಡುಸಾಯಿತು. ಹುಟ್ಟಿನಿಂದಲೇ ಇಂಪಾದ ದನಿಯಿದ್ದವರು ಒಂದೇ ಪ್ರಯತ್ನದಲ್ಲಿ ಮುಟ್ಟುವ ಸ್ವರವನ್ನು ಅವರು ದೀರ್ಘ ಸಾಧನೆಯಿಂದ ಒಲಿಸಿಕೊಳ್ಳಬೇಕಾಯಿತು. ಬೆಳಗಿನ ಜಾವದ ಮಂದ್ರ ಸಾಧನೆ, ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಲ್ಲುವುದು, ಒಂದೇ ಪಲುಕನ್ನು ನೂರಾರು ಸಲ ತಿರುವುವುದು, ಇವೇ ಆ ವರ್ಷಗಳ ಪಾಠಗಳಾಗಿದ್ದವು. ಮುಂದೆ ಪ್ರಸಿದ್ಧರಾದ ಮೇಲೂ ಕಛೇರಿಯ ಆರಂಭದಲ್ಲಿ ಅವರ ಕಂಠ ಬಿಗಿಯಾಗಿಯೇ ಇರುತ್ತಿತ್ತು. ಹಾಡುತ್ತ ಹೋದಂತೆ ಅದು ಸಡಿಲಗೊಂಡು, ಸ್ವರ ನೆಲೆನಿಂತು, ಕೇಳುಗರನ್ನು ಸೆರೆಹಿಡಿಯುತ್ತಿತ್ತು. ಒಲ್ಲದ ಕಂಠವನ್ನು ಪಳಗಿಸಿದ ಈ ಅನುಭವವೇ ಮುಂದೆ ಅವರ ಶಿಕ್ಷಣ ಪದ್ಧತಿಗೆ ಅಡಿಪಾಯವಾಯಿತು.

ರಂಗಭೂಮಿಯಲ್ಲಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮರಾಠಿ ಸಂಗೀತ ನಾಟಕಗಳು ಅಪಾರ ಜನಪ್ರಿಯತೆ ಗಳಿಸಿದ್ದವು. ಗಾಯಕನೊಬ್ಬನಿಗೆ ಹೆಸರು ಮತ್ತು ಹಣ ಎರಡೂ ಅಲ್ಲಿ ಬೇಗ ದೊರೆಯುತ್ತಿದ್ದವು. ರಾಮಭಾವು ಅವರೂ ನಾಟ್ಯಕಲಾ ಪ್ರವರ್ತಕ ಮಂಡಳಿಯನ್ನು ಸೇರಿದರು. ಶಾಸ್ತ್ರೀಯ ಸಂಗೀತದ ಸಾಧನೆಗೆ ನಾಟಕ ಅಡ್ಡಿಯಾಗುವುದೆಂದು ಭಾವಿಸಿದ್ದ ಗುರುಗಳಿಗೆ ಇದು ಸಮ್ಮತವಾಗಿರಲಿಲ್ಲ.

ಅಂದಿನ ರೂಢಿಯಂತೆ ಸ್ತ್ರೀ ಪಾತ್ರಗಳನ್ನೂ ಪುರುಷರೇ ವಹಿಸುತ್ತಿದ್ದರು. ರಾಮಭಾವು ಅವರು ಇಂತಹ ಪಾತ್ರಗಳಲ್ಲಿ ಹಾಡಿ ಪ್ರೇಕ್ಷಕರ ಮೆಚ್ಚುಗೆ ಪಡೆದರು. ಆಗ ನಾರಾಯಣರಾವ್ ರಾಜಹಂಸರು ಬಾಲಗಂಧರ್ವ ಎಂಬ ಹೆಸರಿನಿಂದ ಮರಾಠಿ ರಂಗಭೂಮಿಯಲ್ಲಿ ಮೆರೆಯುತ್ತಿದ್ದರು. ಅಮರಾವತಿಯಲ್ಲಿ ರಾಮಭಾವು ಅವರ ಗಾಯನವನ್ನು ಕೇಳಿದ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನು ನೀಡಿದರು. ಸವಾಯಿ ಎಂದರೆ ಒಂದೂಕಾಲು. ಗಂಧರ್ವನಿಗಿಂತಲೂ ಕಾಲು ಪಾಲು ಮಿಗಿಲೆಂಬುದು ಈ ಬಿರುದಿನ ಭಾವ. ಕಾಲಕ್ರಮದಲ್ಲಿ ಮೂಲ ಹೆಸರು ಹಿಂದೆ ಸರಿದು ಬಿರುದೇ ಹೆಸರಾಗಿ ಉಳಿಯಿತು.

ನಾಟಕದ ವರ್ಷಗಳು ಅವರಿಗೆ ಕೀರ್ತಿ ತಂದವಾದರೂ ಕಂಠದ ಮೇಲೆ ಭಾರ ಹೇರಿದವು. ಧ್ವನಿವರ್ಧಕಗಳಿಲ್ಲದ ಆ ಕಾಲದಲ್ಲಿ ರಾತ್ರಿಯಿಡೀ ನಡೆಯುವ ನಾಟಕದ ಪದಗಳನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಹಾಡಬೇಕಾಗಿತ್ತು. 1930ರ ದಶಕದ ಆರಂಭದ ಹೊತ್ತಿಗೆ ಅವರು ರಂಗಭೂಮಿಯಿಂದ ದೂರ ಸರಿದು ಕಛೇರಿಗಳಿಗೂ ಪಾಠಕ್ಕೂ ತಮ್ಮನ್ನು ಮೀಸಲಾಗಿಟ್ಟುಕೊಂಡರು.

ಗಾಯನ ಶೈಲಿ

ರಾಗವನ್ನು ವಿಲಂಬಿತ ಲಯದಲ್ಲಿ ಒಂದೊಂದೇ ಸ್ವರವಾಗಿ ಬೆಳೆಸುತ್ತ ಹೋಗುವುದು ಕಿರಾಣಾ ಘರಾಣೆಯ ಮುಖ್ಯ ಲಕ್ಷಣ. ತಾಳದ ಚಮತ್ಕಾರಕ್ಕಿಂತ ಸ್ವರದ ಶುದ್ಧಿಗೆ ಇಲ್ಲಿ ಹೆಚ್ಚಿನ ಬೆಲೆ. ಸವಾಯಿ ಗಂಧರ್ವರು ಗುರುವಿನಿಂದ ಪಡೆದ ಈ ಆಲಾಪ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡರು. ಆದರೆ ಗುರುವಿನ ಕಂಠವನ್ನು ಅನುಕರಿಸಲಿಲ್ಲ. ಅಬ್ದುಲ್ ಕರೀಂ ಖಾನರದು ನವಿರಾದ, ತೆಳುವಾದ ದನಿ. ಶಿಷ್ಯನದು ಅದಕ್ಕಿಂತ ಗಟ್ಟಿಯಾದ ದನಿ. ಅದಕ್ಕೆ ತಕ್ಕಂತೆ ಅವರ ಗಾಯನದಲ್ಲಿ ಬಿಗುವು ಹೆಚ್ಚಾಗಿತ್ತು. ಅವರ ಗಾಯನದ ಕೆಲವು ಧ್ವನಿಮುದ್ರಿಕೆಗಳು ಇಂದಿಗೂ ಲಭ್ಯವಿವೆ. ಮೂರು ನಾಲ್ಕು ನಿಮಿಷಗಳ ಹಳೆಯ ತಟ್ಟೆಗಳಾದ್ದರಿಂದ ನಿಧಾನವಾಗಿ ಅರಳುವ ಅವರ ಗಾಯನದ ಪೂರ್ಣ ಪರಿಚಯ ಅವುಗಳಿಂದ ಆಗುವುದಿಲ್ಲ.

ಗುರುವಾಗಿ

ಸವಾಯಿ ಗಂಧರ್ವರ ಬಳಿ ಪಾಠವೆಂದರೆ ಬಹಳಷ್ಟು ರಾಗಗಳನ್ನು ಕಲಿಯುವುದಾಗಿರಲಿಲ್ಲ. ಆಯ್ದ ಕೆಲವೇ ರಾಗಗಳನ್ನು ಅವರು ತಿಂಗಳುಗಟ್ಟಲೆ ಹೇಳಿಕೊಡುತ್ತಿದ್ದರು. ಭೀಮಸೇನ ಜೋಶಿಯವರಿಗೆ ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಎಂಬ ಕ್ರಮದಲ್ಲಿ ಪಾಠವಾಯಿತು. ಒಂದು ಪಲುಕು ಸರಿಯಾಗಿ ಕೂರುವವರೆಗೆ ಮುಂದಿನದನ್ನು ಹೇಳಿಕೊಡುತ್ತಿರಲಿಲ್ಲ. ಗರಡಿಯ ಉಸ್ತಾದನು ಪಟ್ಟುಗಳ ಸಂಖ್ಯೆಗಿಂತ ಮೈಯ ಪಳಗುವಿಕೆಯನ್ನು ನೋಡುವಂತೆ, ಅವರು ಚೀಜುಗಳ ಸಂಖ್ಯೆಗಿಂತ ಕಂಠದ ತಯಾರಿಯನ್ನು ನೋಡುತ್ತಿದ್ದರು. ಕೆಲವು ರಾಗಗಳು ಪೂರ್ಣವಾಗಿ ವಶವಾದರೆ ಉಳಿದ ರಾಗಗಳ ದಾರಿ ತಾನಾಗಿಯೇ ತೆರೆಯುತ್ತದೆ ಎಂಬ ನಂಬಿಕೆ ಈ ಪದ್ಧತಿಯ ಹಿಂದೆ ಇತ್ತು.

1936ರ ಸುಮಾರಿಗೆ ಕುಂದಗೋಳಕ್ಕೆ ಬಂದ ಭೀಮಸೇನ ಜೋಶಿ (1922–2011) ಗುರುಕುಲ ಪದ್ಧತಿಯಂತೆ ಗುರುವಿನ ಮನೆಯಲ್ಲಿಯೇ ಇದ್ದರು. ಸಂಗೀತ ಕಲಿಯಲು ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು ಉತ್ತರ ಭಾರತವನ್ನು ಸುತ್ತಿ ಬಂದಿದ್ದ ಅವರಿಗೆ ಇಲ್ಲಿ ನೀರು ಹೊರುವುದೂ ಸೇರಿದಂತೆ ಮನೆಗೆಲಸಗಳ ಪಾಲೂ ಇತ್ತು. ಮೊದಲ ದಿನಗಳಲ್ಲಿ ಪಾಠಕ್ಕಿಂತ ಕೆಲಸವೇ ಹೆಚ್ಚಾಗಿತ್ತು. ಶಿಷ್ಯನ ತಾಳ್ಮೆಯನ್ನು ಅರಿತ ಬಳಿಕ ಗುರುಗಳು ಮನಸ್ಸು ಬಿಚ್ಚಿ ಕಲಿಸಿದರು.

ಗಂಗೂಬಾಯಿ ಹಾನಗಲ್ (1913–2009) ಅವರ ಕಲಿಕೆಯ ರೀತಿ ಬೇರೆಯಾಗಿತ್ತು. ಅವರು ಸಂಸಾರದ ಹೊಣೆ ಹೊತ್ತ ಗೃಹಿಣಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠ ಮುಗಿಸಿಕೊಂಡು ಹಿಂತಿರುಗುತ್ತಿದ್ದರು. ಹೆಣ್ಣುಮಗಳು ಸಂಗೀತವನ್ನು ವೃತ್ತಿಯಾಗಿ ಸ್ವೀಕರಿಸುವುದನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಈ ಓಡಾಟ ಸಣ್ಣ ಸಾಹಸವಾಗಿರಲಿಲ್ಲ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಂತೆ ಗಡುಸಾದಾಗ, ಇದೇ ತಾಲೀಮಿನ ಬಲದಿಂದ ಅವರು ಹಾಡುತ್ತಲೇ ಮುಂದುವರಿದರು. ಆ ದನಿಯೇ ಅವರ ಗುರುತಾಯಿತು.

ಫಿರೋಜ್ ದಸ್ತೂರ್ ಅವರು ಮುಂಬಯಿಯ ಪಾರ್ಸಿ ಮನೆತನದವರು. ಬಾಲ್ಯದಲ್ಲಿ ಚಲನಚಿತ್ರಗಳಲ್ಲಿ ಹಾಡಿ ನಟಿಸಿದ್ದ ಅವರು ನಂತರ ಸವಾಯಿ ಗಂಧರ್ವರ ಶಿಷ್ಯರಾಗಿ ಶಾಸ್ತ್ರೀಯ ಗಾಯನಕ್ಕೆ ನೆಲೆಗೊಂಡರು. ಅಬ್ದುಲ್ ಕರೀಂ ಖಾನರ ಗಾಯನದ ನವಿರು ಅವರಲ್ಲಿ ಹೆಚ್ಚಾಗಿ ಉಳಿದುಬಂದಿತು. ಕುಂದಗೋಳ ತಾಲ್ಲೂಕಿನ ಯಲಿವಾಳದವರಾದ ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಬಳಿ ಕಲಿತ ನಂತರ ಸವಾಯಿ ಗಂಧರ್ವರಿಂದಲೂ ಪಾಠ ಪಡೆದರು.

ಈ ನಾಲ್ವರಲ್ಲಿ ಒಬ್ಬರ ಗಾಯನ ಇನ್ನೊಬ್ಬರಂತೆ ಇಲ್ಲ. ತಾವು ಗುರುವಿನ ಕಂಠವನ್ನು ಅನುಕರಿಸದಿದ್ದಂತೆಯೇ, ಶಿಷ್ಯರ ಕಂಠಗಳನ್ನೂ ಸವಾಯಿ ಗಂಧರ್ವರು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಲಿಲ್ಲ. ಸ್ವರದ ಶಿಸ್ತು ಎಲ್ಲರಿಗೂ ಒಂದೇ ಆಗಿದ್ದು, ದನಿಯ ಸ್ವಭಾವ ಅವರವರದಾಗಿ ಉಳಿಯಿತು. ಗುರುವಾಗಿ ಅವರ ಮುಖ್ಯ ಸಾಧನೆಯೆಂದು ಇದನ್ನೇ ಗುರುತಿಸಬಹುದು.

ಕೊನೆಯ ವರ್ಷಗಳು

1942ರಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ತಗುಲಿತು. ಕಛೇರಿಯ ಬದುಕು ಅಲ್ಲಿಗೆ ಮುಗಿಯಿತು. ಸಾಧನೆಯಿಂದ ಗೆದ್ದುಕೊಂಡಿದ್ದ ಕಂಠ ಐವತ್ತಾರರ ವಯಸ್ಸಿನಲ್ಲಿಯೇ ಕೈಬಿಟ್ಟಿತು. ಕೊನೆಯ ವರ್ಷಗಳನ್ನು ಅವರು ಪುಣೆಯಲ್ಲಿ ಕಳೆದರು. 1946ರ ಜನವರಿಯಲ್ಲಿ ಅವರ ಷಷ್ಟ್ಯಬ್ದಿಯ ಸಮಾರಂಭ ಪುಣೆಯಲ್ಲಿ ಜರುಗಿತು. ಅಂದು ಗುರುವಿನ ಎದುರಿನಲ್ಲಿ ಹಾಡಿದ ಭೀಮಸೇನ ಜೋಶಿಯವರ ಕಛೇರಿ ಕೇಳುಗರ ಗಮನ ಸೆಳೆದು, ಅವರ ಮುಂದಿನ ಏಳಿಗೆಗೆ ನಾಂದಿಯಾಯಿತು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ನಿಧನರಾದರು.

ಸ್ಮರಣೆ

ಗುರುವಿನ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಪುಣ್ಯತಿಥಿಯ ಸಂಗೀತೋತ್ಸವ ಆರಂಭವಾಯಿತು. ಭೀಮಸೇನ ಜೋಶಿಯವರು ದಶಕಗಳ ಕಾಲ ಮುಂದೆ ನಿಂತು ನಡೆಸಿದ ಈ ಉತ್ಸವವು ಭಾರತದ ಪ್ರಮುಖ ಶಾಸ್ತ್ರೀಯ ಸಂಗೀತ ಸಮ್ಮೇಳನಗಳಲ್ಲಿ ಒಂದಾಗಿ ಬೆಳೆದಿದೆ. ಜೋಶಿಯವರ ನಿಧನದ ನಂತರ ಇದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂದು ಹೆಸರಾಗಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಇವರ ಸ್ಮರಣಾರ್ಥ ಅಹೋರಾತ್ರಿ ಸಂಗೀತೋತ್ಸವ ನಡೆದುಬಂದಿದೆ. ಅನೇಕ ಹೆಸರಾಂತ ಕಲಾವಿದರು ಈ ವಾಡೆಯಲ್ಲಿ ಹಾಡಿ ಸೇವೆ ಸಲ್ಲಿಸಿದ್ದಾರೆ.

ಶಿಷ್ಯರಿಗೆ ದೊರೆತ ಗೌರವಗಳು

ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತ ರತ್ನ ಪ್ರಶಸ್ತಿ ಘೋಷಣೆಯಾಯಿತು. ಗಂಗೂಬಾಯಿ ಹಾನಗಲ್ ಅವರು 1971ರಲ್ಲಿ ಪದ್ಮಭೂಷಣ ಹಾಗೂ 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳಿಗೆ ಪಾತ್ರರಾದರು. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಗುರುಕುಲ ಸ್ಥಾಪನೆಯಾಗಿದ್ದು, ಗುರುವಿನೊಡನೆ ಇದ್ದು ಕಲಿಯುವ ಪದ್ಧತಿಯನ್ನು ಅಲ್ಲಿ ಮುಂದುವರಿಸಲಾಗಿದೆ. ಬಸವರಾಜ ರಾಜಗುರು ಅವರಿಗೆ 1991ರಲ್ಲಿ ಪದ್ಮಭೂಷಣ ಪ್ರಶಸ್ತಿ ಲಭಿಸಿತು. ಸವಾಯಿ ಗಂಧರ್ವರ ಪಾಠವು ಈ ಶಿಷ್ಯರ ಮೂಲಕ, ಅವರ ಶಿಷ್ಯರ ಮೂಲಕ ಇಂದಿಗೂ ಮುಂದುವರಿದಿದೆ.