ಕೈಮರದ ಬಡಗಿ ಜಾನ್ ಸ್ಯಾಕ್ಸ್‌ಬಿ

ನಾಚಾರಮಿನಿಂದ ಸಿಕಂದರಾಬಾದಿಗೆ ಹೋಗಿಬರುವ ನಮ್ಮ ವಾಚಕರು ತಾರ್ನಾಕ ಮಾರ್ಗದಲ್ಲಿ ಭಾರತೀಯ ರೈಲ್ವೆಯ ಒಂದು ವಿದ್ಯಾಸಂಸ್ಥೆಯನ್ನು ಕಂಡಿರಬಹುದು. ಸಿಗ್ನಲ್ ಮತ್ತು ದೂರಸಂಪರ್ಕದ ಎಂಜಿನಿಯರುಗಳನ್ನು ತರಬೇತುಗೊಳಿಸಲೆಂದು 1957ರಲ್ಲಿ ಸ್ಥಾಪಿತವಾದ ಸಂಸ್ಥೆಯದು. ದೇಶದ ಮೂಲೆಮೂಲೆಗಳಿಂದ ಬಂದವರು ಅಲ್ಲಿ ಕಲಿಯುವ ಮೂಲಪಾಠವೊಂದನ್ನು ಲೋಕಕ್ಕೆ ಕೊಟ್ಟವರಲ್ಲಿ ಅಗ್ರಗಣ್ಯನಾದವನು ದೊಡ್ಡ ಪದವೀಧರನಲ್ಲ, ಒಬ್ಬ ಬಡಗಿ. ಆತನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಜಾನ್ ಸ್ಯಾಕ್ಸ್‌ಬಿಯು 1821ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಜನಿಸಿದನು. 13ನೆಯ ವಯಸ್ಸಿನಲ್ಲಿ ಮರಗೆಲಸ ಕಲಿಯಲಾರಂಭಿಸಿ, ಮುಂದೆ ಅಲ್ಲಿನ ರೈಲ್ವೆ ಕಂಪೆನಿಯಲ್ಲಿ ಬಡಗಿಯಾದನು. ಆ ಕಾಲದಲ್ಲಿ ಹಳಿಗಳು ಕವಲೊಡೆಯುವೆಡೆಯಲ್ಲಿ ಹಳಿಯನ್ನು ತಿರುಗಿಸುವ ಲಿವರು ಬೇರೆ, ಕೈಮರವನ್ನು ಆಡಿಸುವ ಲಿವರು ಬೇರೆ. ಎರಡಕ್ಕೂ ಸಂಬಂಧವಿರಲಿಲ್ಲ. ಎಲ್ಲವೂ ನೌಕರನೊಬ್ಬನ ನೆನಪನ್ನು ಅವಲಂಬಿಸಿತ್ತು. ಹೋಟೆಲಿನಲ್ಲಿ ಮಾಣಿ ಕೂಗಿದ್ದೊಂದು, ಅಡಿಗೆಮನೆಯಿಂದ ಬಂದದ್ದು ಮತ್ತೊಂದಾದರೆ ಗಿರಾಕಿಯು ಗದರಿ ಸುಮ್ಮನಾದಾನು. ರೈಲಿನಲ್ಲಿ ಹಾಗಾದರೆ ಪ್ರಾಣಗಳೇ ಹೋಗುತ್ತವೆ.

1856ರಲ್ಲಿ ಸ್ಯಾಕ್ಸ್‌ಬಿಯು ಹಳಿಯೂ ಕೈಮರವೂ ಒಟ್ಟಿಗೇ ಚಲಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಮುಂದೆ ಅದನ್ನು ಸುಧಾರಿಸಿ, ಹಳಿಯು ತಕ್ಕ ದಾರಿಗೆ ತಿರುಗದ ಹೊರತು ಕೈಮರದ ಲಿವರು ಅಲುಗದಂತೆ ಒಂದಕ್ಕೊಂದನ್ನು ಬಂಧಿಸಿದನು. ಇಂಟರ್‌ಲಾಕಿಂಗ್ ಎಂಬುದು ಇದೇ. 1862ರಲ್ಲಿ ಜಾನ್ ಸ್ಟಿನ್ಸನ್ ಫಾರ್ಮರ್ ಎಂಬವನೊಡನೆ ಪಾಲುದಾರನಾಗಿ, ಲಂಡನ್ನಿನ ಕಿಲ್‌ಬರ್ನಿನಲ್ಲಿ ಕಾರ್ಖಾನೆಯನ್ನು ನಡೆಸಿದನು. ಅವರಿಬ್ಬರ ಹೆಸರಿನ ಕಂಪೆನಿಯು ಭಾರತದ ರೈಲ್ವೆಗಳಿಗೂ ಪರಿಚಿತವಾಯಿತು. 1913ರಲ್ಲಿ, 91 ವರ್ಷದ ತುಂಬು ಜೀವನವನ್ನು ನಡೆಸಿ ಅವನು ಕಾಲವಾದನು.

ಈಗ ಬಹುಪಾಲು ನಿಲ್ದಾಣಗಳಲ್ಲಿ ಲಿವರಿನ ಸ್ಥಾನಕ್ಕೆ ವಿದ್ಯುತ್ತೂ ಗಣಕಯಂತ್ರವೂ ಬಂದಿವೆ. ತತ್ತ್ವವು ಮಾತ್ರ ಬಡಗಿಯದೇ. ಅದು ತಪ್ಪಿದರೆ ಏನಾಗುವುದೆಂಬುದನ್ನು 2023ರ ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ದೇಶವೇ ಕಂಡಿತು. ನೇರ ಮಾರ್ಗಕ್ಕೆ ಹಸುರು ದೀಪವಿತ್ತು. ಹಳಿಯು ಗೂಡ್ಸು ಬಂಡಿ ನಿಂತಿದ್ದ ಪಕ್ಕದ ಮಾರ್ಗಕ್ಕೆ ತಿರುಗಿತ್ತು. 290ಕ್ಕೂ ಹೆಚ್ಚು ಮಂದಿ ಮಡಿದರು. ಸಿಗ್ನಲ್ ತಂತಿಜಾಲದ ಮಾರ್ಪಾಟಿನಲ್ಲಿ ನಡೆದ ಲೋಪವೇ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ವಿಚಾರಣೆಯಲ್ಲಿ ತಿಳಿದುಬಂದಿತು. ಪ್ರಯಾಣಿಕರಲ್ಲಿ ಅನೇಕರು ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವರು.

ವರ್ಷಕ್ಕೊಮ್ಮೆ ರಾತ್ರಿಯ ಬಂಡಿಯೇರಿ ಊರಿಗೆ ಹೋಗುವ ನಾವು ನಿಶ್ಚಿಂತೆಯಿಂದ ನಿದ್ರಿಸುತ್ತೇವೆ. ನಮಗಾಗಿ ಯಾರೋ ಒಬ್ಬರು ತಂತಿಯೊಂದನ್ನು ಜೋಡಿಸಿ, ಮತ್ತೊಮ್ಮೆ ಪರೀಕ್ಷಿಸಿ ನೋಡಿರುತ್ತಾರೆಂಬುದೇ ಆ ನಿದ್ರೆಗೆ ಆಧಾರ. ಕೆಲಸವು ಚಿಕ್ಕದೇ ಇರಲಿ, ಎರಡನೆಯ ಸಲ ನೋಡುವವನೇ ನಿಜವಾದ ಕೆಲಸಗಾರನು.