ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ಪುಣ್ಯಚರಿತ್ರೆ

ನೆಲೆಯಿಲ್ಲದವನಿಗೆ ನೆಲೆಯಾಗುವುದು, ಹಸಿದು ಬಂದವನಿಗೆ ಪ್ರಸಾದವನ್ನಿಕ್ಕುವುದು, ಅರಿಯದವನಿಗೆ ಅರಿವನ್ನೀಯುವುದು, ಈ ಮೂರೂ ಮಠಗಳಿಗೆ ಪರಂಪರೆಯಿಂದ ಸಲ್ಲುತ್ತ ಬಂದಿರುವ ನಿತ್ಯಧರ್ಮಗಳು. ಇವುಗಳನ್ನು ಬಾಯಿತುಂಬ ಕೊಂಡಾಡದ ಭಕ್ತನಿಲ್ಲ. ಆದರೆ ತಂದೆತಾಯಿಗಳಿಲ್ಲದ, ಮನೆಮಾರಿಲ್ಲದ ಹತ್ತಾರು ಹುಡುಗರು ತನ್ನ ಬೀದಿಯಲ್ಲಿಯೇ ಒಂದು ನಿಲಯದಲ್ಲಿ ಬಂದು ನೆಲಸುವರೆಂದು ಕೇಳಿದಾಗ, ಅಕ್ಕಿಯ ಮೂಟೆಯನ್ನು ಸಂತೋಷದಿಂದ ಕಳುಹಿಸುವ ಗೃಹಸ್ಥನೂ ಒಂದು ಗಳಿಗೆ ಹಿಂದುಮುಂದು ನೋಡುವನು. ಇವರ ಕುಲವಾವುದು, ನಡತೆಯೆಂತಹುದು, ಇವರ ಸಹವಾಸದಿಂದ ನಮ್ಮ ಮಕ್ಕಳು ಕೆಡರೇ ಎಂಬ ಶಂಕೆಗಳು ಒಂದರ ಮೇಲೊಂದು ಏಳುವುವು. ಅನ್ನವನ್ನು ನೀಡುವ ಕೈಯೇ ಕಳಂಕವನ್ನೂ ಹಚ್ಚುವುದುಂಟು. ಇಂತಹ ಕಳಂಕವನ್ನು ವಾದದಿಂದಲ್ಲದೆ ತಮ್ಮ ಬಾಳಿನಿಂದಲೇ ತೊಳೆದ ಮಹನೀಯರೊಬ್ಬರ ಚರಿತ್ರೆಯನ್ನು ಈ ಸಂಸ್ಮರಣ ಸಂಪುಟದಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಉದ್ಯುಕ್ತರಾಗಿದ್ದೇವೆ. ಅವರೇ ಗದಗಿನ ವೀರೇಶ್ವರ ಪುಣ್ಯಾಶ್ರಮದ ಗಾನಯೋಗಿ, ಉಭಯಗಾನವಿಶಾರದ, ಲಿಂಗೈಕ್ಯ ಶ್ರೀ ಪಂಚಾಕ್ಷರಿ ಗವಾಯಿಗಳವರು.

ಬಯಲುಸೀಮೆಯ ಮಹಾತ್ಮರ ಕಥೆಯನ್ನು ಈ ಮಲೆಗಳ ನಡುವೆ ಹೇಳುವ ಪ್ರಯೋಜನವೇನೆಂದು ಕೆಲವರು ಕೇಳಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಸೀಮೆಯವರಾದ ನಮಗೆ ಮನೆಯಿಲ್ಲದ ಮಕ್ಕಳ ಸಂಗತಿಯು ಹೊಸತಲ್ಲ. 1940ರ ದಶಕದ ಕೊನೆಯ ಹೊತ್ತಿಗೆ ಡಿ.ಡಿ.ಟಿ. ಸಿಂಪಡಣೆಯು ಬರುವವರೆಗೂ ಮಲೆನಾಡಿನ ಚಳಿಜ್ವರವು ಮನೆಮನೆಯನ್ನು ಹೊಕ್ಕು, ಎಷ್ಟೋ ಹಳ್ಳಿಗಳನ್ನು ಬರಿದುಮಾಡಿ, ಎಷ್ಟೋ ಕೂಸುಗಳನ್ನು ತಬ್ಬಲಿಗಳನ್ನಾಗಿ ಮಾಡಿತು. ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳ ಬೆನ್ನು ಹಿಡಿದು ಬಂದ ಕೂಲಿಯ ಜನರು ಕಾಫಿತೋಟಗಳ ಲೈನುಮನೆಗಳಲ್ಲಿ ಇಳಿದರು. ತಲೆಯ ಮೇಲಿನ ಸೂರು ಕೂಲಿಗೆ ಅಂಟಿಕೊಂಡಿದ್ದ ಕಾರಣ, ಕೂಲಿ ತಪ್ಪಿದ ದಿನ ಸೂರೂ ತಪ್ಪುತ್ತಿತ್ತು. ದುಡಿಯುವ ತಂದೆಯು ತೀರಿಕೊಂಡ ಮನೆಯ ಹುಡುಗನು ಎಲ್ಲಿಯವನೂ ಅಲ್ಲದವನಾಗಿ ನಿಲ್ಲುತ್ತಿದ್ದನು. ಆದುದರಿಂದ ಗದಗಿನ ಕಥೆಯು ನಮಗೆ ದೂರದ ಕಥೆಯಲ್ಲ.

ಗವಾಯಿಗಳವರು 1892ನೆಯ ಇಸವಿ ಫೆಬ್ರವರಿ 2ರಂದು, ಆಗಿನ ಧಾರವಾಡ ಜಿಲ್ಲೆಗೂ ಈಗಿನ ಹಾವೇರಿ ಜಿಲ್ಲೆಗೂ ಸೇರಿದ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಚರಂತಿಮಠದ ಜಂಗಮ ಮನೆತನ. ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಹಿರಿಯ ಮಗನು ಹುಟ್ಟುಗುರುಡನಾಗಿದ್ದ ಆ ಬಡಮನೆಯಲ್ಲಿ ಈ ಮಗನೂ ಕಣ್ಣಿಲ್ಲದೆಯೇ ಹುಟ್ಟಿದನು. ಅಂಧನಾಗಿ ಹುಟ್ಟುವುದು ಪೂರ್ವಜನ್ಮದ ಪಾಪದ ಫಲವೆಂದೂ, ಹೊತ್ತಾರೆ ಅಂಧನ ಮೋರೆಯನ್ನು ನೋಡುವುದು ಅಪಶಕುನವೆಂದೂ ಜನರು ನಂಬಿದ್ದ ಕಾಲವದು. ಕಣ್ಣಿಲ್ಲದ ಹುಡುಗನಿಗೆ ಲೋಕವು ತೆರೆದಿಟ್ಟಿದ್ದುದು ಒಂದೇ ದಾರಿ. ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಕುಳಿತು ಕೈಯೊಡ್ಡುವುದು. ಆದರೆ ದೈವವು ಕಣ್ಣುಗಳನ್ನು ಕೊಡದಿದ್ದರೂ ಆ ಬಾಲಕರಿಗೆ ಇಂಪಾದ ಕಂಠವನ್ನೂ ಒಮ್ಮೆ ಕೇಳಿದುದನ್ನು ಮರೆಯದ ಕಿವಿಯನ್ನೂ ಕೊಟ್ಟಿದ್ದಿತು.

ಆ ಕಾಲದಲ್ಲಿ ಹಾನಗಲ್ಲಿನ ವಿರಕ್ತಮಠದಲ್ಲಿ ಶ್ರೀ ಕುಮಾರ ಮಹಾಸ್ವಾಮಿಗಳವರು ಬೆಳಗುತ್ತಿದ್ದರು. 1867ರಲ್ಲಿ ಜನಿಸಿ 1930ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದುದನ್ನೂ, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಡದ ಮೇಲೆ ಶಿವಯೋಗಮಂದಿರವನ್ನು ಕಟ್ಟಿದುದನ್ನೂ ಅರಿಯದ ಭಕ್ತರಿಲ್ಲ. ಈ ಸೋದರರ ಗಾನವನ್ನು ಕೇಳಿದ ಅವರ ಚಿತ್ತವು ಕರಗಿತು. ಅವರು ಕನಿಕರದಿಂದ ಒಂದು ಹೊತ್ತಿನ ಊಟವನ್ನು ಕೊಡಿಸಿ ಕಳುಹಿಸಬಹುದಾಗಿತ್ತು. ಲೋಕವು ಅದನ್ನೇ ದೊಡ್ಡ ದಾನವೆಂದು ಹೊಗಳುತ್ತಿತ್ತು. ಅವರು ಹಾಗೆ ಮಾಡದೆ ಬಾಲಕರ ಪಾಲನೆಯ ಭಾರವನ್ನೇ ವಹಿಸಿಕೊಂಡರು. ಊಟ, ವಸತಿ, ವಿದ್ಯೆ, ಈ ಮೂರನ್ನೂ ಒಟ್ಟಿಗೆ ಕೊಡದಿದ್ದರೆ ಒಂದನ್ನೂ ಕೊಟ್ಟಂತಾಗದೆಂಬುದನ್ನು ಆ ದೀರ್ಘದರ್ಶಿಗಳು ಬಲ್ಲವರಾಗಿದ್ದರು. ಹಿರಿಯರಾದ ತಂದೆತಾಯಿಗಳಿಗೆ ಮಗನು ಭಾರವಾಗಿದ್ದಲ್ಲಿ ಮಠಕ್ಕೆ ಅವನು ನಿಧಿಯಾದನು.

ಗದಿಗೆಯ್ಯನು ಮೈಸೂರು ಸೀಮೆಯಲ್ಲಿ ಕರ್ಣಾಟಕ ಸಂಗೀತವನ್ನು ಅಭ್ಯಾಸಮಾಡಿದನು. ಅನಂತರ ಮಿರಜಿನ ಹೆಸರಾಂತ ಗಾಯಕರಾದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಪದ್ಧತಿಯನ್ನು ಕಲಿತನು. ಇವರೇ ಮುಂದೆ ಮಲ್ಲಿಕಾರ್ಜುನ ಮನಸೂರರಿಗೂ ಗುರುಗಳಾದವರು. ದಕ್ಷಿಣಾದಿ, ಉತ್ತರಾದಿ ಎಂಬ ಎರಡು ಪದ್ಧತಿಗಳಲ್ಲಿಯೂ ಸಮನಾದ ಅಧಿಕಾರವನ್ನು ಪಡೆದವರು ವಿರಳ. ಗಾಯನದೊಡನೆ ತಬಲಾದಿ ವಾದ್ಯಗಳಲ್ಲಿಯೂ ಕೈಪಳಗಿದವರು ಇನ್ನೂ ವಿರಳ. ಹೀಗೆ ಗದಿಗೆಯ್ಯನು ಪಂಚಾಕ್ಷರಿ ಗವಾಯಿಗಳೆಂಬ ಪೂಜ್ಯನಾಮಕ್ಕೆ ಪಾತ್ರನಾದನು. ಅವರು ಬಯಸಿದ್ದರೆ ಆಸ್ಥಾನಗಳನ್ನೋ ಸಿರಿವಂತರ ಮನೆಗಳನ್ನೋ ಆಶ್ರಯಿಸಿ ಸುಖದಿಂದ ಬಾಳಬಹುದಾಗಿತ್ತು. ಆದರೆ ತಮ್ಮ ಕೈಯನ್ನು ಹಿಡಿದೆತ್ತಿದ ಗುರುವಿನ ಋಣವನ್ನು ಗುರುವಿಗೇ ತೀರಿಸಲಾಗದೆಂದೂ, ತಮ್ಮಂತೆಯೇ ಕತ್ತಲೆಯಲ್ಲಿ ನಿಂತಿರುವ ಬೇರೊಬ್ಬ ಹುಡುಗನಿಗೆ ತೀರಿಸಬೇಕೆಂದೂ ಅವರು ನಿಶ್ಚಯಿಸಿದರು. ಬ್ರಹ್ಮಚರ್ಯವನ್ನು ಕೈಕೊಂಡು, ಅಂಧರೂ ಅನಾಥರೂ ಆದ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ಆರಂಭಿಸಿದರು.

ಈ ಪಾಠಶಾಲೆಯ ಬಗೆಯು ವಿಚಿತ್ರವಾದುದು. ಅದಕ್ಕೆ ಮೊದಲಲ್ಲಿ ಗೋಡೆಗಳಿರಲಿಲ್ಲ, ಊರೂ ಇರಲಿಲ್ಲ. ಗುರುಶಿಷ್ಯರು ಊರಿಂದೂರಿಗೆ ಸಂಚರಿಸುವರು. ಇಳಿದ ಊರೇ ನಿಲಯ, ಹಾಡಿದ ತಾಣವೇ ಶಾಲೆ. ಸಂಗೀತವು ಕಿವಿಯಿಂದ ಕಿವಿಗೆ, ಕಂಠದಿಂದ ಕಂಠಕ್ಕೆ ಸಾಗುವ ವಿದ್ಯೆಯಾದುದರಿಂದ ಕಣ್ಣಿಲ್ಲದವನು ಅದರಲ್ಲಿ ಯಾರಿಗೂ ಕಡಮೆಯಲ್ಲ. ತಬಲದ ಬೋಲುಗಳನ್ನು ಬೆರಳು ಬಲ್ಲದು, ಹಾರ್ಮೋನಿಯಮ್ಮಿನ ಮನೆಗಳನ್ನು ಕೈ ಬಲ್ಲದು. ಊರವರು ದವಸಧಾನ್ಯಗಳನ್ನು ಕೊಡುವರು, ಮಕ್ಕಳು ಗಾನವನ್ನು ಕೊಡುವರು. ಇಲ್ಲಿಯೇ ಗವಾಯಿಗಳವರ ವಿವೇಕವು ಪ್ರಕಾಶಕ್ಕೆ ಬರುವುದು. ಶರಣಧರ್ಮದಲ್ಲಿ ದಾಸೋಹಕ್ಕೆ ಎಷ್ಟು ಹಿರಿಮೆಯೋ ಕಾಯಕಕ್ಕೂ ಅಷ್ಟೇ ಹಿರಿಮೆ. ಕಾಯಕವನ್ನು ಬಿಟ್ಟ ದಾಸೋಹವು ಉಣ್ಣುವವನನ್ನು ಕುಗ್ಗಿಸುವುದು. ಹಾಡಿ ಉಂಡ ಹುಡುಗನು ತಿರುಕನಲ್ಲ, ಅವನು ಕಾಯಕಜೀವಿ. ಸಂತೆಯಲ್ಲಿ ಕೈಯೊಡ್ಡಬೇಕಾಗಿದ್ದ ಬಾಲಕನು ವೇದಿಕೆಯ ಮೇಲೆ ಕುಳಿತು, ಕಣ್ಣುಳ್ಳ ಸಾವಿರ ಜನರನ್ನು ತನ್ನೆದುರಿಗೆ ಕುಳ್ಳಿರಿಸಿಕೊಂಡನು.

ಆದರೂ ಅಪವಾದಗಳು ತಪ್ಪಲಿಲ್ಲ. ಮಕ್ಕಳ ಸಂಖ್ಯೆಯು ಬೆಳೆದಂತೆ ಅವರ ಹೊಟ್ಟೆಯನ್ನು ತುಂಬಿಸುವ ಭಾರವೂ ಬೆಳೆಯಿತು. ಕಚೇರಿಗಳಿಂದ ಬರುವ ಕಾಣಿಕೆಯು ಸಾಲದೆ ಹೋದಾಗ ಗವಾಯಿಗಳವರ ಆಶ್ರಯದಲ್ಲಿ ನಾಟಕ ಮಂಡಳಿಯು ಹುಟ್ಟಿತು. ಆ ಕಾಲದಲ್ಲಿ ಬಣ್ಣ ಹಚ್ಚುವವರೆಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದರು. ನಾಟಕವನ್ನು ಕಣ್ತುಂಬ ನೋಡಿದವರೇ ನಾಟಕದವರಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುತ್ತಿದ್ದರು. ಜಂಗಮ ಮನೆತನದಲ್ಲಿ ಹುಟ್ಟಿದ ಬ್ರಹ್ಮಚಾರಿಗೆ ಇದೇಕೆಂಬ ಸಂದೇಹವು ಭಕ್ತರಲ್ಲಿ ಮೂಡುವುದು ಸಹಜವೇ ಆಗಿತ್ತು. ಕುರುಡರೆಂಬುದೊಂದು, ಅನಾಥರೆಂಬುದೊಂದು, ನಾಟಕದವರೆಂಬುದೊಂದು, ಹೀಗೆ ಮೂರು ಕಳಂಕಗಳನ್ನು ಆ ಮಕ್ಕಳು ಹೊರಬೇಕಾಯಿತು. ಗವಾಯಿಗಳವರು ಇದಕ್ಕೆ ಕೊಟ್ಟ ಸಮಾಧಾನವು ತಮ್ಮ ಶಿಷ್ಯರೇ. ದಿನಚರಿಯಲ್ಲಿ ಶಿವಪೂಜೆಗೂ ಸ್ವರಸಾಧನೆಗೂ ಲೋಪವಿಲ್ಲದಂತೆ ನಡೆಸಿ, ಪೌರಾಣಿಕ ಹಾಗೂ ಶರಣಚರಿತ್ರೆಗಳನ್ನು ರಂಗಕ್ಕೆ ತಂದು, ಹಣವೆಲ್ಲವನ್ನೂ ಮಕ್ಕಳ ಪ್ರಸಾದಕ್ಕೇ ವಿನಿಯೋಗಿಸಿದರು. ಕಾಲಕ್ರಮದಲ್ಲಿ ಗದಗಿನ ಭಕ್ತರ ಔದಾರ್ಯದಿಂದ ಸಂಚಾರಿ ಶಾಲೆಗೆ ನೆಲೆಯೊಂದು ದೊರೆತು, ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು.

ಗವಾಯಿಗಳವರ ಬಳಿಗೆ ಬಂದವರೆಲ್ಲರೂ ಅಂಧರಲ್ಲ. ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರುಗಳು ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಅವರ ಕಂಠದ ಗುಣವನ್ನರಿತು ಗವಾಯಿಗಳವರು ಶಿಷ್ಯವೃತ್ತಿಗೆ ಸೇರಿಸಿಕೊಂಡರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ, ಆ ತರುಣರು ಮಹಾಸಭೆಯ ಮುಂದೆ ಹಾಡಿದರು. ಅಂದು ತಬಲವನ್ನು ನುಡಿಸಲು ಕುಳಿತವರು ಬೇರೆ ಯಾರೂ ಅಲ್ಲ, ಸ್ವತಃ ಗುರುಗಳೇ. ಶಿಷ್ಯನಿಗೆ ಮುಂದಿನ ಆಸನವನ್ನು ಬಿಟ್ಟುಕೊಟ್ಟು ಗುರುವು ಪಕ್ಕಕ್ಕೆ ಸರಿದು ತಾಳವನ್ನು ಹಿಡಿದುದನ್ನು ನೆನೆದರೆ, ಆಶ್ರಯವನ್ನು ಕೊಡುವ ರೀತಿಯೆಂತಹುದೆಂಬುದು ಮನಸ್ಸಿಗೆ ಹೊಳೆಯುವುದು. ಆಶ್ರಯದಾತನು ಎದುರಿಗೆ ನಿಂತು ಕೀರ್ತಿಯನ್ನು ಬಾಚಿಕೊಂಡರೆ ಆಶ್ರಿತನು ಎಂದೆಂದಿಗೂ ಆಶ್ರಿತನೇ ಆಗಿ ಉಳಿಯುವನು. ಆ ಶಿಷ್ಯರಿಗೆ 1991ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಸಂದಿತು.

ಇನ್ನು ಪುಟ್ಟರಾಜ ಗವಾಯಿಗಳವರ ವಿಷಯವನ್ನು ಹೇಳದೆ ಈ ಚರಿತ್ರೆಯು ಪೂರ್ಣವಾಗದು. ಅವರು 1914ರ ಮಾರ್ಚಿ 3ರಂದು ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ಕಣ್ಣುಗಳನ್ನು ಕಳೆದುಕೊಂಡು, ಸೋದರಮಾವನ ಮನೆಯಲ್ಲಿ ಬೆಳೆದ ಮಗು. ಮಾವನ ಹಾರ್ಮೋನಿಯಮ್ಮಿನಲ್ಲಿ ಸ್ವರಗಳನ್ನು ಹುಡುಕುತ್ತಿದ್ದ ಆ ಬಾಲಕನನ್ನು ಮಾವನೇ ಗವಾಯಿಗಳವರಿಗೆ ಒಪ್ಪಿಸಿದನು. ಆ ಮಗುವೇ ಮುಂದೆ ಅನೇಕ ವಾದ್ಯಗಳಲ್ಲಿ ಪ್ರವೀಣನಾಗಿ, ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನೂ, ರಂಗಕ್ಕಾಗಿ ನಾಟಕಗಳನ್ನೂ ರಚಿಸಿ ಕವಿಗವಾಯಿಯೆನಿಸಿದನು. 1944ನೆಯ ಇಸವಿ ಜೂನ್ 11ರಂದು ಪಂಚಾಕ್ಷರಿ ಗವಾಯಿಗಳವರು ಲಿಂಗೈಕ್ಯರಾದಾಗ ಅವರಿಗೆ 52 ವರ್ಷ ವಯಸ್ಸು. ಅಂದು ಪುಣ್ಯಾಶ್ರಮದ ಹೊಣೆಯು ಹೊರಗಿನ ಸಿರಿವಂತರ ಪಾಲಾಗಲಿಲ್ಲ. ಒಳಗೆ ಬೆಳೆದ ಅನಾಥನ ಹೆಗಲಿಗೇ ಬಂದಿತು. 2010ನೆಯ ಇಸವಿ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, ಎಂದರೆ 66 ವರ್ಷಗಳ ಕಾಲ, ಪುಟ್ಟರಾಜರು ಆ ನೊಗವನ್ನು ಇಳಿಸಲಿಲ್ಲ. ಕಣ್ಣಿಲ್ಲದ ಗುರುವು ಕಣ್ಣಿಲ್ಲದ ಶಿಷ್ಯನಿಗೆ ಕೊಟ್ಟ ದೀಪವು ಹೀಗೆ ಆರದೆ ಉಳಿಯಿತು.

ಮಹಾಶಯರೇ, ನಮ್ಮ ಸಮಾಜದ ಹಿರಿಯರು ಬಡ ವಿದ್ಯಾರ್ಥಿಗಳ ವಸತಿಗೃಹಕ್ಕೆ ಪ್ರಸಾದ ನಿಲಯವೆಂಬ ಹೆಸರನ್ನು ಸುಮ್ಮನೆ ಇಡಲಿಲ್ಲ. ಭಿಕ್ಷೆಯಲ್ಲಿ ಮೇಲುಕೀಳುಗಳುಂಟು, ಪ್ರಸಾದದಲ್ಲಿ ಅವಿಲ್ಲ. ಪಂಕ್ತಿಯಲ್ಲಿ ಕುಳಿತ ತೋಟದ ಸಾಹುಕಾರನಿಗೂ ಲೈನುಮನೆಯ ತಬ್ಬಲಿಗೂ ಬಡಿಸುವ ಪ್ರಸಾದವು ಒಂದೇ. ಆ ಹೆಸರಿನ ಅರ್ಥವನ್ನು ಮರೆತು, ನಿಲಯದ ಹುಡುಗನನ್ನು ಅನಾಥಾಲಯದವನೆಂದು ಬೆರಳು ಮಾಡಿ ತೋರಿದರೆ, ನಾವಿಕ್ಕಿದ ಪ್ರಸಾದವನ್ನು ನಾವೇ ಭಿಕ್ಷೆಯನ್ನಾಗಿ ಮಾಡಿದಂತಾಗುವುದು. ಮಕ್ಕಳ ನಿಲಯಗಳಿಂದ 18 ವರ್ಷ ತುಂಬಿ ಹೊರಡುವ ತರುಣರಿಗೆ ಅನಂತರವೂ ಆಸರೆ ದೊರೆಯಬೇಕೆಂದು 2015ರ ಬಾಲನ್ಯಾಯ ಕಾಯಿದೆಯು ಹೇಳುತ್ತದೆ. ಆದರೆ ಬಾಡಿಗೆಗೆ ಕೋಣೆಯನ್ನು ಕೊಡುವಾತನು, ಕೆಲಸಕ್ಕೆ ಇಟ್ಟುಕೊಳ್ಳುವಾತನು, ನೆರೆಯಲ್ಲಿ ವಾಸಿಸುವಾತನು ಮೋರೆ ತಿರುಗಿಸಿದರೆ ಕಾಯಿದೆಯು ತಾನೇ ಏನು ಮಾಡೀತು? ನಮ್ಮ ಬೀದಿಗೆ ಬರುವ ಮನೆಯಿಲ್ಲದ ಹುಡುಗನಲ್ಲಿ ಯಾವ ಗದಿಗೆಯ್ಯನು ಅಡಗಿರುವನೋ ಯಾರು ಬಲ್ಲರು? ಅಡಗಿರದಿದ್ದರೂ ಅವನ ನೆಲೆಯ ಹಕ್ಕು ಕುಂದದು. ಕಾಡಶೆಟ್ಟಿಹಳ್ಳಿಯ ಬಾಲಕನು ಗವಾಯಿಯಾಗದೆ ಬರಿಯ ಗದಿಗೆಯ್ಯನಾಗಿಯೇ ಉಳಿದಿದ್ದರೂ ಕುಮಾರ ಮಹಾಸ್ವಾಮಿಗಳವರು ಅವನ ಕೈಯನ್ನು ಬಿಡುತ್ತಿರಲಿಲ್ಲವೆಂಬುದೇ ನಮ್ಮ ನಂಬುಗೆ.

ಈ ಮಹೋತ್ಸವದ ಸುಸಮಯದಲ್ಲಿ, ಭದ್ರಾತೀರದ ಈ ಮಲೆಗಳ ಭಕ್ತಜನರ ಮನೆಯ ಬಾಗಿಲುಗಳಂತೆಯೇ ಮನದ ಬಾಗಿಲುಗಳೂ ನೆಲೆಯಿಲ್ಲದವರಿಗೆ ತೆರೆದಿರಲಿ. ಗಾನಯೋಗಿಗಳವರ ಪುಣ್ಯಸ್ಮರಣೆಯು ನಮ್ಮೆಲ್ಲರನ್ನೂ ಆ ದಾರಿಯಲ್ಲಿ ನಡೆಸಲಿ ಎಂದು ಶ್ರೀ ಗುರುವಿನಲ್ಲಿ ಪ್ರಾರ್ಥಿಸಿ ಈ ಅಲ್ಪಸೇವೆಯನ್ನು ಅವರ ಅಡಿದಾವರೆಗಳಲ್ಲಿ ಸಮರ್ಪಿಸುತ್ತೇವೆ. ಸರ್ವರಿಗೂ ಮಂಗಳವಾಗಲಿ.